ಮನೋರಮಾ ಮಧ್ವರಾಜ್: ಕರಾವಳಿಯ ಮತಪೆಟ್ಟಿಗೆ ಮತ್ತು ಒಬ್ಬ ಮಹಿಳೆಯ ಮೂರೂವರೆ ದಶಕ

ಉಡುಪಿ ವಿಧಾನಸಭಾ ಕ್ಷೇತ್ರದಿಂದ ಈವರೆಗೆ ಆಯ್ಕೆಯಾದ ಮಹಿಳೆ ಒಬ್ಬರೇ. ಉಡುಪಿ ಹೆಸರಿನ ಲೋಕಸಭಾ ಕ್ಷೇತ್ರ 1957ರ ಚುನಾವಣೆಯಿಂದ ಅರ್ಧ ಶತಮಾನ ಕಾಲ ಇತ್ತು. ಅಲ್ಲಿಂದ ಗೆದ್ದು ಹೋದ ಮಹಿಳೆಯೂ ಒಬ್ಬರೇ. ಈ ಎರಡೂ ಸ್ಥಾನಗಳಲ್ಲಿ ಕಾಣುವ ಹೆಸರು ಒಂದೇ: ಮನೋರಮಾ ಮಧ್ವರಾಜ್. 1972ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದ ಇವರು 1978, 1985 ಮತ್ತು 1989ರಲ್ಲಿ ಅದೇ ಕ್ಷೇತ್ರದಿಂದ ಗೆದ್ದರು. ರಾಜ್ಯದ ಸಚಿವೆಯಾಗಿ ಕೆಲಸ ಮಾಡಿದರು. 2004ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. ಕರಾವಳಿ ಕರ್ನಾಟಕದ ರಾಜಕೀಯ ಇತಿಹಾಸವನ್ನು ಬರೆಯುವವರು ಈ ಸಾಧನೆಯನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ‘ಮಲ್ಪೆ ಮಧ್ವರಾಜರ ಪತ್ನಿ’ ಎಂದು ಆರಂಭವಾಗುವ ಆ ವಾಕ್ಯ ‘ಪ್ರಮೋದ್ ಮಧ್ವರಾಜರ ತಾಯಿ’ ಎಂಬಲ್ಲಿಗೆ ನಿಲ್ಲುತ್ತದೆ. ಪತಿ ಮತ್ತು ಪುತ್ರನ ನಡುವೆ ಇರುವ ಮೂರೂವರೆ ದಶಕದ ಸ್ವತಂತ್ರ ಚರಿತ್ರೆ ಈ ಎರಡು ಸಂಬಂಧವಾಚಕಗಳ ನಡುವೆ ಅಡಗಿಹೋಗುತ್ತದೆ. ಅದನ್ನು ಬಿಡಿಸಿ ನೋಡುವುದು, ಆ ಮೂಲಕ ಕರಾವಳಿಯ ಪ್ರಜಾಪ್ರಭುತ್ವದಲ್ಲಿ ಮಹಿಳೆಗೆ ದೊರೆತ ಮತ್ತು ದೊರೆಯದ ಸ್ಥಾನವನ್ನು ಅಳೆಯುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: ರಾಣಿಯರ ನಾಡು

ತುಳುನಾಡಿನ ಇತಿಹಾಸದಲ್ಲಿ ಆಳಿದ ಹೆಂಗಸರಿಗೆ ಕೊರತೆಯಿಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಆಳುಪ ವಂಶದ ಬಲ್ಲಮಹಾದೇವಿ ಇಂದಿನ ಉಡುಪಿ ಜಿಲ್ಲೆಯ ಬಾರಕೂರಿನಿಂದ ರಾಜ್ಯಭಾರ ಮಾಡಿದಳು. ಕಳಸ-ಕಾರ್ಕಳ ಅರಸುಮನೆತನದಲ್ಲಿ ಕಾಳಲಮಹಾದೇವಿಯ ಹೆಸರು ಶಾಸನಗಳಲ್ಲಿ ಕಾಣಸಿಗುತ್ತದೆ. ಚೌಟ ವಂಶದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ ಕತೆ ಇಂದು ನಾಡಿನ ಮನೆಮಾತು. 1623ರಲ್ಲಿ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ಬರಿಗಾಲಿನಲ್ಲಿ ನಿಂತು ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಾಗ.

ಈ ಪರಂಪರೆಯನ್ನು ಅಳಿಯಸಂತಾನ ಪದ್ಧತಿಯೊಡನೆ ಜೋಡಿಸಿ ನೋಡುವುದು ವಾಡಿಕೆ. ಬಂಟ, ಬಿಲ್ಲವ, ಮೊಗವೀರ ಹಾಗೂ ತುಳುನಾಡಿನ ಜೈನ ಕುಟುಂಬಗಳಲ್ಲಿ ವಂಶವೂ ಸ್ವತ್ತೂ ತಾಯಿಯ ಕಡೆಯಿಂದ ಹರಿದುಬರುತ್ತಿದ್ದವು. ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂಬ ಭಾವನೆ ಇತ್ತು. ಆದರೆ ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ವಂಶ ಹೆಣ್ಣಿನದಾದರೂ ಕುಟುಂಬದ ಯಜಮಾನಿಕೆಯನ್ನು ಹೆಚ್ಚಾಗಿ ನಡೆಸುತ್ತಿದ್ದವನು ಸೋದರಮಾವ. ಗುತ್ತು, ಬರ್ಕೆ, ಬೀಡುಗಳ ಪಂಚಾಯಿತಿ ಕಟ್ಟೆಯಲ್ಲಿ ಕುಳಿತವರು ಗಂಡಸರೇ. ಹಾಗಾಗಿ ಅಳಿಯಸಂತಾನ ಹೆಣ್ಣಿಗೆ ಮನೆಯೊಳಗೆ ಗೌರವವನ್ನೂ ಆರ್ಥಿಕ ಆಸರೆಯನ್ನೂ ಕೊಟ್ಟಿತೇ ಹೊರತು ಸಾರ್ವಜನಿಕ ಅಧಿಕಾರವನ್ನು ತಾನಾಗಿ ಕೊಡಲಿಲ್ಲ. ರಾಣಿಯರ ಸ್ಮರಣೆಯೂ ಮತಪೆಟ್ಟಿಗೆಯೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿತೆಂದು ಹೇಳುವುದು ಆಕರ್ಷಕವಾದರೂ ಆಧಾರವಿಲ್ಲದ ಮಾತು.

ಮತದ ಹಕ್ಕಿನಿಂದ ಸ್ಪರ್ಧೆಯ ಹಕ್ಕಿಗೆ

ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮಹಿಳೆಯರಿಗೆ ಮತದ ಹಕ್ಕು ದೊರೆತದ್ದು 1921ರಲ್ಲಿ. ಅದೂ ಆಸ್ತಿಯ ಅರ್ಹತೆ ಉಳ್ಳ ಕೆಲವರಿಗೆ ಮಾತ್ರ. ಸ್ಪರ್ಧಿಸುವ ಹಕ್ಕಿಗೆ ಇನ್ನೂ ಐದು ವರ್ಷ ಕಾಯಬೇಕಾಯಿತು. 1926ರಲ್ಲಿ ಆ ಬಾಗಿಲು ತೆರೆದಾಗ ಮೊದಲು ಹೆಜ್ಜೆಯಿಟ್ಟವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರು. ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿದ ಅವರು ಅಲ್ಪ ಅಂತರದಲ್ಲಿ ಸೋತರು. ಮರುವರ್ಷ ಅದೇ ಪರಿಷತ್ತನ್ನು ನಾಮನಿರ್ದೇಶನದ ಮೂಲಕ ಪ್ರವೇಶಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅದರ ಉಪಾಧ್ಯಕ್ಷೆಯೂ ಆದರು. ನಾಮನಿರ್ದೇಶನ ಸುಲಭ, ಚುನಾವಣೆ ಕಷ್ಟ ಎಂಬ ಪಾಠ ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಮಹಿಳೆಯನ್ನು ಗೌರವಿಸಿ ಕರೆದು ಕೂರಿಸಲು ವ್ಯವಸ್ಥೆ ಸಿದ್ಧವಿತ್ತು. ಆಕೆ ಸ್ವತಃ ಮತ ಕೇಳಿ ಪುರುಷನನ್ನು ಸೋಲಿಸಿ ಬರುವುದು ಬೇರೆಯೇ ಮಾತಾಗಿತ್ತು.

ಏಕೀಕೃತ ರಾಜ್ಯದಲ್ಲಿ ಯಶೋಧರಾ ದಾಸಪ್ಪ, ಗ್ರೇಸ್ ಟಕ್ಕರ್ ಮೊದಲಾದವರು ಸಚಿವ ಸ್ಥಾನ ಪಡೆದರು. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು ಮತ್ತೆ ಮತ್ತೆ ಗೆದ್ದು ಬರುತ್ತಿದ್ದರು. ಕರಾವಳಿಯ ದೇವಾಲಯ ನಗರವೊಂದು ಮಹಿಳೆಯನ್ನು ತನ್ನ ಶಾಸಕಿಯಾಗಿ ಆರಿಸಿದ ಸಂದರ್ಭ ಈ ಹಿನ್ನೆಲೆಯಲ್ಲಿ ಬರುತ್ತದೆ.

ಕ್ಷೇತ್ರದ ಸ್ವರೂಪ

ಉಡುಪಿ ಕ್ಷೇತ್ರವನ್ನು ಅರಿಯದೆ ಅಲ್ಲಿನ ಗೆಲುವಿನ ಅರ್ಥ ತಿಳಿಯುವುದಿಲ್ಲ. ಕೆಲವೇ ಮೈಲಿಗಳ ಅಂತರದಲ್ಲಿ ಇಲ್ಲಿ ಮೂರು ಲೋಕಗಳಿವೆ. ಮೊದಲನೆಯದು ಕೃಷ್ಣಮಠ ಮತ್ತು ಅಷ್ಟಮಠಗಳ ರಥಬೀದಿಯ ಲೋಕ. ಎರಡನೆಯದು ಪೂರ್ವದ ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು ಕಟ್ಟಿದ ಮಣಿಪಾಲದ ಲೋಕ: ವಿದ್ಯಾಸಂಸ್ಥೆಗಳು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಗೂಲಿಯವರ ಬಿಡಿಗಾಸನ್ನು ಮನೆಬಾಗಿಲಿಗೇ ಬಂದು ಸಂಗ್ರಹಿಸಿದ ಪಿಗ್ಮಿ ಠೇವಣಿ. ಮೂರನೆಯದು ಪಶ್ಚಿಮದ ಮಲ್ಪೆಯ ಕಡಲ ಲೋಕ: ದೋಣಿ, ಬಲೆ, ಮಂಜುಗಡ್ಡೆ, ಮೀನಿನ ಬುಟ್ಟಿ ಹೊತ್ತು ಊರೂರು ಅಲೆಯುವ ಹೆಂಗಸರು. ದಕ್ಷಿಣಕ್ಕೆ ಕಾಪುವಿನವರೆಗೂ ಹಬ್ಬಿದ ಇದೇ ಕಡಲ ಸಮಾಜದ ಮುಖ್ಯ ಶ್ರದ್ಧಾಕೇಂದ್ರ ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನ.

ಈ ಮೂರು ಲೋಕಗಳು ಬೇರೆ ಬೇರೆ ಕಾಲದಲ್ಲಿ ಕ್ಷೇತ್ರದ ರಾಜಕಾರಣವನ್ನು ರೂಪಿಸಿವೆ. 1952ರ ಮೊದಲ ಚುನಾವಣೆಯಲ್ಲಿ ಉಡುಪಿಯಿಂದ ಮದರಾಸು ವಿಧಾನಸಭೆಗೆ ಹೋದವರು ಮಣಿಪಾಲದ ಟಿ. ಎ. ಪೈ. ಪಟ್ಟಣದ ಮಧ್ಯಮ ವರ್ಗದಲ್ಲಿ ಬೇರುಬಿಟ್ಟ ಭಾರತೀಯ ಜನಸಂಘ 1968ರಲ್ಲಿ ಉಡುಪಿ ಪುರಸಭೆಯ ಆಡಳಿತ ಹಿಡಿದು ಡಾ. ವಿ. ಎಸ್. ಆಚಾರ್ಯರು ಅಧ್ಯಕ್ಷರಾದರು, ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದರಿಂದ ಆ ಪುರಸಭೆ ದೇಶದ ಗಮನ ಸೆಳೆಯಿತು. ಕಡಲ ಕಡೆಯ ಪ್ರಾತಿನಿಧ್ಯ 1962ರಲ್ಲಿ ಮೊಗವೀರ ಸಮುದಾಯದ ಮಲ್ಪೆ ಮಧ್ವರಾಜರು ಕಾಂಗ್ರೆಸ್ಸಿನಿಂದ ಶಾಸಕರಾದಾಗ ದೊರೆಯಿತು. ಅವರ ಪತ್ನಿ ಮನೋರಮಾ ಹತ್ತು ವರ್ಷಗಳ ಬಳಿಕ ಅದೇ ಕ್ಷೇತ್ರದಲ್ಲಿ ಅದೇ ಪಕ್ಷದಿಂದ ನಿಂತರು.

ಪತಿಯ ಹೆಸರು ಅವರಿಗೆ ಪ್ರವೇಶದ ಬಲ ಕೊಟ್ಟಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ದಕ್ಷಿಣ ಏಷ್ಯಾದ ರಾಜಕಾರಣದಲ್ಲಿ ಮಹಿಳೆಯರ ಪ್ರವೇಶ ಬಹುಮಟ್ಟಿಗೆ ಕುಟುಂಬದ ಬಾಗಿಲಿನಿಂದಲೇ ಆದದ್ದು. ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆಯವರಿಗೆ ಅದು ಪತಿಯ ಬಾಗಿಲು. ಇಂದಿರಾ ಗಾಂಧಿಯವರಿಗೆ ತಂದೆಯ ಬಾಗಿಲು. ಆದರೆ ಪ್ರವೇಶದ ಬಾಗಿಲು ಯಾವುದೆಂಬುದು ಒಂದು ಪ್ರಶ್ನೆ. ಒಳಗೆ ಎಷ್ಟು ಕಾಲ, ಯಾವ ಬಲದಿಂದ ನಿಂತರೆಂಬುದು ಇನ್ನೊಂದು ಪ್ರಶ್ನೆ. ಪುರುಷ ರಾಜಕಾರಣಿಯ ವಿಷಯದಲ್ಲಿ ತಂದೆಯ ಹೆಸರನ್ನು ಮೊದಲ ಚುನಾವಣೆಯೊಂದಿಗೇ ಮರೆಯುವ ವಿಮರ್ಶೆ, ಮಹಿಳೆಯ ವಿಷಯದಲ್ಲಿ ಪತಿಯ ಹೆಸರನ್ನು ಐದನೆಯ ಚುನಾವಣೆಯ ನಂತರವೂ ಎಳೆದು ತರುತ್ತದೆ.

1972: ಅರಸು ಯುಗದ ಪ್ರವೇಶ

1972ರ ಚುನಾವಣೆ ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಒಂದು ತಿರುವು. ಇಂದಿರಾ ಗಾಂಧಿಯವರ ಅಲೆಯೊಂದಿಗೆ, ದೇವರಾಜ ಅರಸರು ಸಣ್ಣ ಸಮುದಾಯಗಳನ್ನು ಗುರುತಿಸಿ ಅಭ್ಯರ್ಥಿಗಳನ್ನು ನಿಲ್ಲಿಸಿದ ತಂತ್ರವೂ ಸೇರಿ 216 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 165 ಸ್ಥಾನಗಳನ್ನು ಗೆದ್ದಿತು. ಕಾರ್ಕಳದಿಂದ ಎಂ. ವೀರಪ್ಪ ಮೊಯಿಲಿ, ಉಡುಪಿಯಿಂದ ಮನೋರಮಾ ಮಧ್ವರಾಜ್ ಮೊದಲ ಬಾರಿಗೆ ವಿಧಾನಸಭೆಯನ್ನು ಪ್ರವೇಶಿಸಿದ್ದು ಈ ಚುನಾವಣೆಯಲ್ಲೇ. ಇಬ್ಬರೂ ಸಂಖ್ಯೆಯಲ್ಲಿ ಪ್ರಬಲವಲ್ಲದ ಹಿಂದುಳಿದ ಸಮುದಾಯಗಳಿಂದ ಬಂದವರೆಂಬುದು ಆಕಸ್ಮಿಕವಲ್ಲ; ಅರಸರ ಲೆಕ್ಕಾಚಾರದ ಫಲ. ಆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ 1972ರ ಮಾರ್ಚಿನಿಂದ ಕೆ. ಎಸ್. ನಾಗರತ್ನಮ್ಮನವರು ಕುಳಿತರು. ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷೆ ನಡೆಸಿದ ಸದನದಲ್ಲಿ ಉಡುಪಿಯ ಶಾಸಕಿ ತಮ್ಮ ಮೊದಲ ಪಾಠಗಳನ್ನು ಕಲಿತರು.

ಆ ಸದನದ ಬಹುದೊಡ್ಡ ಕೆಲಸ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಗೇಣಿ ಪದ್ಧತಿ ರಾಜ್ಯದಲ್ಲೇ ಅತ್ಯಂತ ಬಲವಾಗಿದ್ದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಮೂಲಗೇಣಿ, ಚಾಲಗೇಣಿಗಳ ಜಾಲದಲ್ಲಿದ್ದ ಒಕ್ಕಲುಗಳು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತರು. ಬೀಡು-ಗುತ್ತುಗಳ ಬಂಟ ಮತ್ತು ಜೈನ ಮನೆತನಗಳು, ಮಠ-ದೇವಸ್ಥಾನಗಳು, ಬ್ರಾಹ್ಮಣ ಭೂಮಾಲೀಕರು ತಲೆಮಾರುಗಳ ಭೂಮಿಯನ್ನು ಕಳೆದುಕೊಂಡರು. ಗೇಣಿದಾರರು ಒಡೆಯರಾದರು. ಕಾರ್ಕಳ, ಕಾಪು, ಉಡುಪಿಗಳ ಸಾಮಾಜಿಕ ನಕ್ಷೆ ಒಂದೇ ದಶಕದಲ್ಲಿ ಬದಲಾಯಿತು. ಕಾಂಗ್ರೆಸ್ಸಿಗೆ ಈ ಪ್ರದೇಶದಲ್ಲಿ ದೊರೆತ ದೀರ್ಘಕಾಲದ ನಿಷ್ಠೆಗೆ ಇದು ಮುಖ್ಯ ಕಾರಣ.

ಆದರೆ ಭೂಸುಧಾರಣೆ ಮುಟ್ಟದ ಒಂದು ಜನವರ್ಗವಿತ್ತು. ಕಡಲನ್ನೇ ಹೊಲವಾಗಿಸಿಕೊಂಡ ಮೀನುಗಾರರಿಗೆ ಹಂಚಿಕೊಡಲು ನ್ಯಾಯಮಂಡಳಿಯ ಬಳಿ ಏನೂ ಇರಲಿಲ್ಲ. ಅವರ ಸಮಸ್ಯೆ ಬಲೆಯದು, ಬಂದರಿನದು, ಸಾಲದ್ದು. 1970ರ ದಶಕದ ನಡುವೆ ಕರ್ನಾಟಕ ಕರಾವಳಿಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದಾಗ, ಹತ್ತಾರು ಜನ ಒಟ್ಟಾಗಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಮುಗಿಯತೊಡಗಿತು. ರಂಪಣಿಯಲ್ಲಿ ಪಾಲು ಹಲವರಿಗಿತ್ತು. ಹೊಸ ದೋಣಿಯ ಲಾಭ ಬಂಡವಾಳ ಹೂಡಿದವನಿಗೆ ಮೊದಲು ಸೇರುತ್ತಿತ್ತು. ಮೀನು ಮಾರುವ ಹೆಂಗಸರ ಮಟ್ಟಿಗೂ ವ್ಯವಹಾರ ಬದಲಾಯಿತು: ದಡದಲ್ಲಿ ಪರಿಚಿತರಿಂದ ಕೊಳ್ಳುತ್ತಿದ್ದವರು ಬಂದರಿನ ಹರಾಜಿನಲ್ಲಿ ದೊಡ್ಡ ವ್ಯಾಪಾರಿಗಳೊಡನೆ ಪೈಪೋಟಿಗೆ ನಿಲ್ಲಬೇಕಾಯಿತು. ಇಂಥ ಸಂಕ್ರಮಣದ ಕಾಲದಲ್ಲಿ ಮಲ್ಪೆಯ ಮನೆತನವೊಂದರ ಮಹಿಳೆ ಶಾಸಕಿಯಾಗಿದ್ದುದು ಸಾಂಕೇತಿಕ ಸಂಗತಿಗಿಂತ ಹೆಚ್ಚಿನದು. ಸದನದಲ್ಲಿ ಹೊಲದ ಪ್ರತಿನಿಧಿಗಳು ಹಲವರಿದ್ದರು, ಕಡಲಿನವರು ಬೆರಳೆಣಿಕೆಯಷ್ಟು.

1978: ಇಬ್ಭಾಗದ ಕಾಲ

ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು, ಪಕ್ಷವೂ ಒಡೆಯಿತು. ಆದರೆ ಕರ್ನಾಟಕದಲ್ಲಿ 1978ರ ಚುನಾವಣೆ ಇಂದಿರಾ ಕಾಂಗ್ರೆಸ್ಸಿಗೆ 224ರಲ್ಲಿ 149 ಸ್ಥಾನ ಕೊಟ್ಟಿತು. ಮನೋರಮಾ ಎರಡನೆಯ ಬಾರಿ ಗೆದ್ದರು. ಅದೇ ವರ್ಷದ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನೆರೆಯ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಘಟ್ಟದ ಕೆಳಗಿನ ಕಾರ್ಕಳವೂ ಆಗ ಆ ಲೋಕಸಭಾ ಕ್ಷೇತ್ರದ ಭಾಗ. ದೇಶದ ಅತ್ಯಂತ ಪ್ರಬಲ ಮಹಿಳಾ ರಾಜಕಾರಣಿಯ ಮರುಹುಟ್ಟಿಗೆ ಮಲೆನಾಡು ಮತ್ತು ಕರಾವಳಿಯ ಮತದಾರರು ಕಾರಣರಾದರೆಂಬುದು ಈ ಪ್ರದೇಶದ ಚರಿತ್ರೆಯ ಒಂದು ವಿಶೇಷ. ಚಿಕ್ಕಮಗಳೂರು ಮುಂದೆ ಡಿ. ಕೆ. ತಾರಾದೇವಿಯವರನ್ನೂ ಲೋಕಸಭೆಗೆ ಕಳಿಸಿತು.

ಇದೇ ಕಾಲಾವಧಿಯಲ್ಲಿ ಕರಾವಳಿಯ ಮಹಿಳೆಯ ಧ್ವನಿ ಸಾಹಿತ್ಯದಲ್ಲೂ ಹೊಸ ರೂಪ ಪಡೆಯುತ್ತಿತ್ತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಉಡುಪಿಯಲ್ಲಿ ನೆಲೆಸಿ ‘ಗಿರಿಬಾಲೆ’ ಎಂಬ ಹೆಸರಿನಲ್ಲಿ ಬರೆದ ಸರಸ್ವತಿಬಾಯಿ ರಾಜವಾಡೆಯವರದು ಹಿಂದಿನ ತಲೆಮಾರು. ಕುಂದಾಪುರದ ವೈದೇಹಿಯವರ ಮೊದಲ ಕಥಾಸಂಕಲನ ‘ಮರ ಗಿಡ ಬಳ್ಳಿ’ 1979ರಲ್ಲಿ ಪ್ರಕಟವಾಯಿತು. 1980ರ ದಶಕದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದುಗರನ್ನು ತಲುಪಿತು. ಕಥೆಗಾರ್ತಿಯರು ಮನೆಯೊಳಗಿನ ಮೌನಕ್ಕೆ ಮಾತು ಕೊಡುತ್ತಿದ್ದಾಗ, ಮನೆಯ ಹೊರಗಿನ ಸಭೆಯಲ್ಲಿ ಮಾತನಾಡುತ್ತಿದ್ದ ಮಹಿಳೆಯರ ಚರಿತ್ರೆಯೂ ಸಮಾನಾಂತರವಾಗಿ ನಡೆದಿತ್ತು. ಮೊದಲನೆಯದನ್ನು ಕನ್ನಡ ವಿಮರ್ಶೆ ವಿಸ್ತಾರವಾಗಿ ಚರ್ಚಿಸಿದೆ. ಎರಡನೆಯದಕ್ಕೆ ಅಂಥ ಅದೃಷ್ಟ ದೊರೆತಿಲ್ಲ.

1983ರಿಂದ 1989: ಅಂಕಿಗಳು ಹೇಳುವ ಕತೆ

1983ರಲ್ಲಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಬಂತು. ಭಾರತೀಯ ಜನತಾ ಪಕ್ಷ 18 ಸ್ಥಾನಗಳನ್ನು ಗೆದ್ದು ಅದಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. ಆ ಹದಿನೆಂಟರಲ್ಲಿ ಉಡುಪಿಯೂ ಒಂದು, ಗೆದ್ದವರು ಡಾ. ವಿ. ಎಸ್. ಆಚಾರ್ಯರು. ಎರಡೇ ವರ್ಷಗಳಲ್ಲಿ ಮತ್ತೆ ಚುನಾವಣೆ ಬಂತು. 1985ರಲ್ಲಿ ಹೆಗಡೆಯವರ ಜನಪ್ರಿಯತೆ ಉತ್ತುಂಗದಲ್ಲಿತ್ತು: ಜನತಾ ಪಕ್ಷಕ್ಕೆ 139 ಸ್ಥಾನ, ಕಾಂಗ್ರೆಸ್ಸಿಗೆ ಕೇವಲ 65, ಭಾರತೀಯ ಜನತಾ ಪಕ್ಷಕ್ಕೆ ಎರಡು. ಆ 65ರಲ್ಲಿ ಉಡುಪಿಯನ್ನು ಮರಳಿ ಸೇರಿಸಿದವರು ಮನೋರಮಾ ಮಧ್ವರಾಜ್.

ಈ ಗೆಲುವನ್ನು ತೂಗುವಾಗ ಎಚ್ಚರ ಬೇಕು. ರಾಜ್ಯದ ಅಲೆಗೆ ವಿರುದ್ಧವಾಗಿ ಗೆದ್ದರೆಂದು ಮಾತ್ರ ಹೇಳಿದರೆ ಅದು ಅರ್ಧಸತ್ಯ. ಏಕೆಂದರೆ ಆ ವರ್ಷ ನೆರೆಯ ಕಾಪುವಿನಲ್ಲಿ ವಸಂತ ವಿ. ಸಾಲಿಯಾನ್, ಕಾರ್ಕಳದಲ್ಲಿ ವೀರಪ್ಪ ಮೊಯಿಲಿ ಸಹ ಕಾಂಗ್ರೆಸ್ಸಿನಿಂದಲೇ ಗೆದ್ದರು. ಭೂಸುಧಾರಣೆಯ ನೆನಪು ಇನ್ನೂ ಹಸಿಯಾಗಿದ್ದ ಕರಾವಳಿಯಲ್ಲಿ ಕಾಂಗ್ರೆಸ್ಸಿನ ನೆಲೆ ಗಟ್ಟಿಯಾಗಿತ್ತು. ಆದರೆ ಇನ್ನೊಂದು ಹೋಲಿಕೆಯನ್ನೂ ಮಾಡಬೇಕು. ಕಾಪು ಮತ್ತು ಕಾರ್ಕಳ 1983ರಲ್ಲೂ ಕೈಬಿಟ್ಟಿರಲಿಲ್ಲ. ಉಡುಪಿ ಮಾತ್ರ ಕೈಜಾರಿತ್ತು. ಅಂದರೆ ಮೂರು ನೆರೆಯ ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಅತ್ಯಂತ ಕಠಿಣವಾದುದು ಉಡುಪಿ. ಜನಸಂಘದ ಕಾಲದಿಂದಲೂ ಎದುರಾಳಿಗೆ ಸುಸಂಘಟಿತ ನೆಲೆಯಿದ್ದ, ಆತನ ವಶಕ್ಕೆ ಒಮ್ಮೆ ಹೋಗಿದ್ದ ಕ್ಷೇತ್ರವನ್ನು ಮರಳಿ ಗೆಲ್ಲುವುದು ಇದ್ದುದನ್ನು ಉಳಿಸಿಕೊಳ್ಳುವುದಕ್ಕಿಂತ ಕಷ್ಟದ ಕೆಲಸ. 1972ರ ಗೆಲುವಿಗೆ ಇಂದಿರಾ ಅಲೆಯ ಆಸರೆಯಿತ್ತೆನ್ನಬಹುದು, 1978ರದಕ್ಕೆ ಅರಸರ ಕೆಲಸಗಳ ಆಸರೆಯಿತ್ತೆನ್ನಬಹುದು. 1985ರ ಗೆಲುವಿಗೆ ಅಂಥ ವಿವರಣೆ ಸಾಲದು. ಪತಿ ಶಾಸಕರಾಗಿ ಆಯ್ಕೆಯಾಗಿ ಆಗಲೇ 23 ವರ್ಷ ಕಳೆದಿದ್ದವು. ಅನುಕಂಪ, ಮನೆತನದ ನೆನಪುಗಳು ಅಷ್ಟು ಕಾಲ ಮತವಾಗಿ ಉಳಿಯುವುದಿಲ್ಲ.

1989ರಲ್ಲಿ ಕಾಂಗ್ರೆಸ್ 178 ಸ್ಥಾನಗಳೊಂದಿಗೆ ಮರಳಿದಾಗ ಮನೋರಮಾ ನಾಲ್ಕನೆಯ ಬಾರಿ ಶಾಸಕಿಯಾದರು. ಐದು ಚುನಾವಣೆಗಳ ಅವಧಿಯಲ್ಲಿ ಉಡುಪಿ ನಾಲ್ಕು ಬಾರಿ ಅವರನ್ನು ಆರಿಸಿತ್ತು.

ಇಲ್ಲಿ ಸಮಕಾಲೀನರೊಡನೆ ಹೋಲಿಸಿ ನೋಡುವುದು ಉಪಯುಕ್ತ. 1972ರಲ್ಲಿ ಅವರೊಡನೆ ವಿಧಾನಸಭೆ ಪ್ರವೇಶಿಸಿದ ಮೊಯಿಲಿಯವರು ಕಾರ್ಕಳದಿಂದ ಸತತ ಆರು ಬಾರಿ ಗೆದ್ದು 1992ರಲ್ಲಿ ಮುಖ್ಯಮಂತ್ರಿಯಾದರು. ಮುಂದೆ ಕೇಂದ್ರ ಸಚಿವರೂ ಆದರು. ಉಡುಪಿಯ ಆಸ್ಕರ್ ಫೆರ್ನಾಂಡಿಸರು 1980ರಿಂದ 1996ರವರೆಗಿನ ಐದು ಚುನಾವಣೆಗಳಲ್ಲಿ ಸತತವಾಗಿ ಗೆದ್ದು ದೆಹಲಿಯಲ್ಲಿ ಪಕ್ಷದ ಆಯಕಟ್ಟಿನ ಸ್ಥಾನಗಳನ್ನು ತಲುಪಿದರು. ಒಂದೇ ನೆಲ, ಒಂದೇ ಪಕ್ಷ, ಹೆಚ್ಚುಕಡಿಮೆ ಒಂದೇ ಕಾಲ. ಮೂವರಲ್ಲಿ ಮಹಿಳೆಯ ಏರಿಕೆ ರಾಜ್ಯದ ಸಚಿವ ಸ್ಥಾನಕ್ಕೆ ನಿಂತಿತು. ವ್ಯಕ್ತಿಗಳ ಸಾಮರ್ಥ್ಯ, ಸ್ವಭಾವ, ಸಂದರ್ಭಗಳಲ್ಲಿ ಭೇದವಿರುತ್ತದೆ. ಲಿಂಗವೊಂದೇ ಕಾರಣವೆಂದು ತೀರ್ಮಾನಿಸಲಾಗದು. ಆದರೆ ಪಕ್ಷದ ಸಂಘಟನೆಯೆಂಬುದು ತಡರಾತ್ರಿಯ ಸಭೆ, ರೈಲು ಪ್ರಯಾಣ, ದೆಹಲಿಯ ಒಡನಾಟಗಳ ಜಗತ್ತು. ಅದು ಪುರುಷರಿಗೆ ಪುರುಷರೇ ಕಟ್ಟಿಕೊಂಡದ್ದು. ಮತದಾರರು ಒಪ್ಪಿದ ಮಹಿಳೆಯನ್ನು ಸಂಘಟನೆ ಎಷ್ಟು ಒಪ್ಪಿತೆಂಬ ಪ್ರಶ್ನೆಯನ್ನು ಸಂಶೋಧಕರು ಕೈಬಿಡುವಂತಿಲ್ಲ.

2004: ಹೊಸ ಧ್ವಜ, ಹಳೆಯ ಕ್ಷೇತ್ರ

1994ರಲ್ಲಿ ಕರ್ನಾಟಕದ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಿತು. ಉಡುಪಿಯಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಯು. ಆರ್. ಸಭಾಪತಿ ಗೆದ್ದರು, 1999ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಮರಳಿದರು. ಈ ನಡುವೆ 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 1998ರಲ್ಲಿ ಲೋಕಸಭಾ ಕ್ಷೇತ್ರ ಐ. ಎಂ. ಜಯರಾಮ ಶೆಟ್ಟರ ಮೂಲಕ ಮೊದಲ ಬಾರಿ ಭಾರತೀಯ ಜನತಾ ಪಕ್ಷಕ್ಕೆ ಒಲಿಯಿತು. 1999ರಲ್ಲಿ ವಿನಯಕುಮಾರ ಸೊರಕೆಯವರು ಅದನ್ನು ಕಾಂಗ್ರೆಸ್ಸಿಗೆ ಮರಳಿ ತಂದರು. ಕರಾವಳಿಯ ಹಿಂದುಳಿದ ವರ್ಗಗಳ ಮತ ಒಂದು ಪಕ್ಷದ ಸ್ವತ್ತಾಗಿದ್ದ ಕಾಲ ಮುಗಿದಿತ್ತು.

2004ರಲ್ಲಿ ಮನೋರಮಾ ಮಧ್ವರಾಜ್ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ಸ್ಪರ್ಧಿಸಿ ಹಾಲಿ ಸಂಸದ ಸೊರಕೆಯವರನ್ನು ಸೋಲಿಸಿದರು. ದಶಕಗಳ ಕಾಲ ಕಾಂಗ್ರೆಸ್ಸಿನ ಮುಖವಾಗಿದ್ದವರು ಎದುರಾಳಿ ಪಕ್ಷದ ಚಿಹ್ನೆಯಲ್ಲಿ ಗೆದ್ದದ್ದು ಅನೇಕರಿಗೆ ಅಚ್ಚರಿ, ಕೆಲವರಿಗೆ ಅಸಮಾಧಾನ ತಂದಿತು. ಆ ವರ್ಷ ಭಾರತೀಯ ಜನತಾ ಪಕ್ಷ ಕರ್ನಾಟಕದ 28ರಲ್ಲಿ 18 ಸ್ಥಾನ ಗೆದ್ದಿತ್ತು. ಅಲೆಯ ಪಾಲು ಈ ಗೆಲುವಿನಲ್ಲಿ ಇದ್ದೇ ಇದೆ. ಆ ಪಕ್ಷಕ್ಕೆ ಮೀನುಗಾರ ಸಮುದಾಯದ ಹಿರಿಯ ನಾಯಕಿ ಬೇಕಾಗಿದ್ದರು. ನಾಯಕಿಗೆ ಹೊಸ ವೇದಿಕೆ ಬೇಕಾಗಿತ್ತು. ಪಕ್ಷಾಂತರವನ್ನು ಸಮರ್ಥಿಸುವ ಅಥವಾ ಖಂಡಿಸುವ ಮೊದಲು, ಅದೇ ದಶಕದಲ್ಲಿ ಬಂಗಾರಪ್ಪನವರಂಥ ಹಿರಿಯರು ಬದಲಿಸಿದ ಧ್ವಜಗಳನ್ನೂ ಲೆಕ್ಕಹಾಕುವುದು ನ್ಯಾಯ. ಹದಿನಾಲ್ಕನೆಯ ಲೋಕಸಭೆಗೆ ಆಯ್ಕೆಯಾದ ಮಹಿಳೆಯರು 45 ಮಂದಿ, ಅಂದರೆ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಕನಕಪುರದಲ್ಲಿ ಮಾಜಿ ಪ್ರಧಾನಿ ದೇವೇಗೌಡರನ್ನು ಸೋಲಿಸಿದ ತೇಜಸ್ವಿನಿಯವರೂ ಅವರಲ್ಲೊಬ್ಬರು.

2008: ಒಂದು ಮತ

2008ರ ಮೇ ತಿಂಗಳಲ್ಲಿ ಯಡಿಯೂರಪ್ಪನವರ ನೇತೃತ್ವದಲ್ಲಿ ದಕ್ಷಿಣ ಭಾರತದ ಮೊದಲ ಭಾರತೀಯ ಜನತಾ ಪಕ್ಷದ ಸರಕಾರ ಬೆಂಗಳೂರಿನಲ್ಲಿ ಅಸ್ತಿತ್ವಕ್ಕೆ ಬಂತು. ಉಡುಪಿಯ ಡಾ. ಆಚಾರ್ಯರು ಗೃಹಸಚಿವರಾದರು. ಪಕ್ಷದ ಸಂಸದೆಗೆ ಇದು ಅನುಕೂಲದ ಕಾಲವಾಗಬೇಕಿತ್ತು. ಆದರೆ ಜುಲೈ 22ರಂದು ಅಮೆರಿಕದೊಡನೆಯ ಪರಮಾಣು ಒಪ್ಪಂದದ ಹಿನ್ನೆಲೆಯಲ್ಲಿ ಮನಮೋಹನ ಸಿಂಗ್ ಸರಕಾರ ವಿಶ್ವಾಸಮತ ಕೋರಿದಾಗ ಅವರು ಪಕ್ಷದ ಪರವಾಗಿ ಮತ ಚಲಾಯಿಸಲಿಲ್ಲ. ಸರಕಾರ 275-256 ಮತಗಳಿಂದ ಉಳಿಯಿತು. ಪಕ್ಷದ ಆದೇಶವನ್ನು ಮೀರಿದ ಎಂಟು ಸಂಸದರನ್ನು ಭಾರತೀಯ ಜನತಾ ಪಕ್ಷ ಉಚ್ಚಾಟಿಸಿತು, ಮನೋರಮಾ ಅವರಲ್ಲೊಬ್ಬರು. ಅನಂತರ ಅವರು ಕಾಂಗ್ರೆಸ್ಸಿಗೆ ಮರಳಿದರು.

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕುವುದಷ್ಟೇ ಅಲ್ಲ, ಮತದಾನದಿಂದ ದೂರ ಉಳಿಯುವುದೂ ಸದಸ್ಯತ್ವಕ್ಕೆ ಅಪಾಯ. ಆದ್ದರಿಂದ ಅಂದಿನ ಮೌನವೂ ಒಂದು ರಾಜಕೀಯ ಕ್ರಿಯೆಯೇ. ಅದನ್ನು ಹಳೆಯ ಮನೆಯ ಸೆಳೆತವೆಂದು ಓದಬಹುದು, ಹೊಸ ಮನೆಯಲ್ಲಿ ಬೇರೂರಲಾಗದ ಅಸಮಾಧಾನವೆಂದೂ ಓದಬಹುದು. ಪಕ್ಷನಿಷ್ಠೆಯ ಅಳತೆಗೋಲಿನಲ್ಲಿ ಅದು ಲೋಪ. ಗೆಲ್ಲಿಸಿದ ಮತದಾರರಲ್ಲಿ ಹಲವರು ಚಿಹ್ನೆಯನ್ನು ನೋಡಿ ಮತ ಹಾಕಿದವರು. ಅವರ ಪ್ರಶ್ನೆಗೂ ಬೆಲೆಯಿದೆ. ಜೀವನಚರಿತ್ರೆ ಸ್ತುತಿಯಾಗಬಾರದಾದರೆ ಈ ಪ್ರಸಂಗವನ್ನು ಮರೆಮಾಚಬಾರದು.

ಕ್ಷೇತ್ರ ಮರುವಿಂಗಡಣೆಯ ಫಲವಾಗಿ 2009ರ ಚುನಾವಣೆಯ ಹೊತ್ತಿಗೆ ಉಡುಪಿ ಲೋಕಸಭಾ ಕ್ಷೇತ್ರ ಉಡುಪಿ-ಚಿಕ್ಕಮಗಳೂರು ಆಗಿ ಬದಲಾಯಿತು. ಹೀಗಾಗಿ ಆ ಹಳೆಯ ಕ್ಷೇತ್ರದ ಏಕೈಕ ಮಹಿಳಾ ಸಂಸದೆಯೇ ಅದರ ಕೊನೆಯ ಪ್ರತಿನಿಧಿಯೂ ಆದರು.

ಉಳಿದ ಪ್ರಶ್ನೆ

ಮನೋರಮಾ ಅವರ ಪುತ್ರ ಪ್ರಮೋದ್ ಮಧ್ವರಾಜ್ 2013ರಲ್ಲಿ ಉಡುಪಿಯ ಶಾಸಕರಾಗಿ, 2016ರಲ್ಲಿ ಮೀನುಗಾರಿಕೆಯ ಹೊಣೆ ಹೊತ್ತ ಸಚಿವರಾದರು. ತಂದೆ, ತಾಯಿ, ಮಗ ಮೂವರೂ ಒಂದೇ ಕ್ಷೇತ್ರದಿಂದ ಗೆದ್ದದ್ದು ಅಪರೂಪದ ದಾಖಲೆ. ಅವರಲ್ಲಿ ಅತಿ ಹೆಚ್ಚು ಬಾರಿ ಗೆದ್ದವರು ತಾಯಿ. ಮನೆತನದ ಪರಂಪರೆ ಮುಂದುವರಿಯಿತು. ಮಹಿಳೆಯ ಪರಂಪರೆ ಮುಂದುವರಿಯಿತೇ ಎಂಬುದು ಬೇರೆ ಪ್ರಶ್ನೆ.

ಉತ್ತರ ಕಹಿಯಾದುದು. ಉಡುಪಿ ಜಿಲ್ಲೆಯಾದ ಮೇಲೆ 1999, 2004, 2008, 2013, 2018, 2023ರಲ್ಲಿ ಆರು ವಿಧಾನಸಭಾ ಚುನಾವಣೆಗಳು ನಡೆದಿವೆ. ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಮರುವಿಂಗಡಣೆಯಲ್ಲಿ ಅಳಿದ ಬ್ರಹ್ಮಾವರ, ಯಾವುದೇ ಕ್ಷೇತ್ರದಿಂದ ಒಬ್ಬ ಮಹಿಳೆಯೂ ಆರಿಸಿಬಂದಿಲ್ಲ. ಲೋಕಸಭೆಗೆ 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆಯವರು ಗೆದ್ದದ್ದು ಈ ಶೂನ್ಯವನ್ನು ಸ್ವಲ್ಪ ತುಂಬಿತಾದರೂ ವಿಧಾನಸಭೆಯ ಪಟ್ಟಿ ಹಾಗೆಯೇ ಇದೆ. ಇದು ಅಕ್ಷರಸ್ಥರಲ್ಲದ, ಹೆಣ್ಣನ್ನು ಮನೆಯಿಂದ ಹೊರಗೆ ಬಿಡದ ಪ್ರದೇಶದ ಕತೆಯಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಮೀನು ಮಾರುಕಟ್ಟೆಯಲ್ಲಿ ಮಹಿಳೆಯರು ಎದ್ದು ಕಾಣುವ, ತಾಯಿಯ ಕಡೆಯಿಂದ ವಂಶ ಎಣಿಸಿದ ನಾಡಿನ ಕತೆ.

ಸ್ಥಳೀಯ ಸಂಸ್ಥೆಗಳನ್ನು ನೋಡಿದರೆ ಚಿತ್ರ ಬೇರೆ. ಕರ್ನಾಟಕದ 1983ರ ಪಂಚಾಯತ್ ಕಾಯಿದೆ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟಿತು. 1993ರಲ್ಲಿ ಜಾರಿಯಾದ 73ನೆಯ ತಿದ್ದುಪಡಿ ಅದನ್ನು ದೇಶಾದ್ಯಂತ ಮೂರನೆಯ ಒಂದು ಭಾಗಕ್ಕೆ ಏರಿಸಿತು. ಮುಂದೆ ಕರ್ನಾಟಕ ಅರ್ಧಕ್ಕೆ ಏರಿಸಿತು. ಗ್ರಾಮ ಪಂಚಾಯತಿನಿಂದ ಜಿಲ್ಲಾ ಪಂಚಾಯತಿನವರೆಗೆ ಉಡುಪಿ ಜಿಲ್ಲೆಯ ಮಹಿಳೆಯರು ಆಡಳಿತ ನಡೆಸಿದ್ದಾರೆ. ಎಲ್ಲಿ ಕಾನೂನು ಬಾಗಿಲು ತೆರೆಯಿತೋ ಅಲ್ಲಿ ಅವರು ಬಂದರು. ಎಲ್ಲಿ ಪಕ್ಷಗಳ ಇಚ್ಛೆಗೆ ಬಿಡಲಾಯಿತೋ ಅಲ್ಲಿ ಬರಲಿಲ್ಲ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಮೀಸಲಿಡುವ 106ನೆಯ ತಿದ್ದುಪಡಿ 2023ರಲ್ಲಿ ಅಂಗೀಕಾರವಾದದ್ದು ಈ ಅನುಭವದ ಹಿನ್ನೆಲೆಯಲ್ಲೇ.

ಮನೋರಮಾ ಮಧ್ವರಾಜರ ಸಾಧನೆಯ ತೂಕ ಇಲ್ಲಿ ಗೊತ್ತಾಗುತ್ತದೆ. ಯಾವ ಮೀಸಲಾತಿಯೂ ಇಲ್ಲದ ಕಾಲದಲ್ಲಿ, ಸಾಮಾನ್ಯ ಕ್ಷೇತ್ರದಲ್ಲಿ, ಸಂಖ್ಯಾಬಲದ ಸಮುದಾಯಗಳ ಪೈಪೋಟಿಯ ನಡುವೆ ಅವರು ಎರಡು ಬೇರೆ ಪಕ್ಷಗಳ ಚಿಹ್ನೆಗಳಲ್ಲಿ ಒಟ್ಟು ಐದು ಬಾರಿ ಜನರಿಂದ ನೇರವಾಗಿ ಆರಿಸಿಬಂದರು. 1926ರಲ್ಲಿ ಕಮಲಾದೇವಿಯವರಿಗೆ ಕೂದಲೆಳೆಯಲ್ಲಿ ತಪ್ಪಿದ ಗೆಲುವು ಕರಾವಳಿಯ ಇನ್ನೊಬ್ಬ ಮಹಿಳೆಗೆ ನಾಲ್ಕೂವರೆ ದಶಕಗಳ ಬಳಿಕ ಮತ್ತೆ ಮತ್ತೆ ಒಲಿಯಿತು. ವಿಧಾನಸಭೆಯ ನಡಾವಳಿಗಳು, ಆ ಕಾಲದ ಪತ್ರಿಕೆಗಳ ಕಡತಗಳು, ಮಲ್ಪೆಯ ಹಿರಿಯ ಮೀನುಗಾರ್ತಿಯರ ನೆನಪುಗಳು ಇನ್ನೂ ಲಭ್ಯವಿರುವಾಗಲೇ ಈ ಚರಿತ್ರೆಯನ್ನು ಸಮಗ್ರವಾಗಿ ದಾಖಲಿಸುವ ಕೆಲಸ ನಡೆಯಬೇಕು. ಬಲ್ಲಮಹಾದೇವಿಯನ್ನು ತಿಳಿಯಲು ನಮಗಿರುವುದು ಕಲ್ಲಿನ ಮೇಲಿನ ಕೆಲವು ಸಾಲುಗಳು ಮಾತ್ರ. ಮತಪೆಟ್ಟಿಗೆಯ ಕಾಲದ ಮಹಿಳೆಯರ ವಿಷಯದಲ್ಲಿ ಆ ಬಡತನವನ್ನು ನಾವೇ ತಂದುಕೊಳ್ಳಬಾರದು.